ಕಡ್ಡಾಯ ಪ್ರೇಮ ಮತ್ತು ಪಾನ ನಿಯಂತ್ರಣ

ಪ್ರೇಮಿಸುವ ವಿದ್ಯಾರ್ಥಿಗಳು ಕಡಿಮೆ ಕುಡಿಯುತ್ತಾರೆಂಬುದು ನಮ್ಮ ಕಾಲೇಜಿನ ಶಿಸ್ತು ಸಮಿತಿಯ ಸಮೀಕ್ಷೆಯಿಂದ ಸಂಶಯಾತೀತವಾಗಿ ಸಾಬೀತಾಗಿದೆ. ಜೊತೆಯಲ್ಲಿ ಹುಡುಗಿ ಇದ್ದರೆ ಹುಡುಗ ಎರಡನೇ ಗ್ಲಾಸಿಗೆ ಕೈ ಹಾಕುವ ಮುನ್ನ ಅವಳ ಮುಖ ನೋಡುತ್ತಾನೆ. ಆ ಮುಖಕ್ಕೆ ಸಂಬಳ ಕೊಡಬೇಕಿಲ್ಲವಾದ್ದರಿಂದ ಹಾಸ್ಟೆಲ್ ವಾರ್ಡನ್ ಹುದ್ದೆಯನ್ನೇ ರದ್ದುಪಡಿಸಿ ಪ್ರಾಂಶುಪಾಲರು ಆದೇಶ ಹೊರಡಿಸಿದರು:

"ಪ್ರತಿಯೊಬ್ಬ ವಿದ್ಯಾರ್ಥಿಯೂ ಪರೀಕ್ಷೆಗೆ ಮುನ್ನ ಪ್ರೇಮದಲ್ಲಿ ಬೀಳತಕ್ಕದ್ದು. ಒಂಟಿಯಾಗಿರುವವರನ್ನು ಕುಡುಕರೆಂದು ಪರಿಗಣಿಸಿ ಹಾಲ್ ಟಿಕೆಟ್ ತಡೆಹಿಡಿಯಲಾಗುವುದು. ಮುನಿಸಿಕೊಳ್ಳಲು ಸಮಿತಿಯ ಪೂರ್ವಾನುಮತಿ ಅಗತ್ಯ."

ಹುಡುಗಿಯರೇ ಕುಡಿದರೆ ಹೇಗೆಂದು ಯಾರೋ ಕೇಳಿದರು. ಸಮೀಕ್ಷೆಯಲ್ಲಿ ಆ ಪ್ರಶ್ನೆ ಇರಲಿಲ್ಲವಾದ್ದರಿಂದ ಹುಡುಗಿಯರು ಕುಡಿಯುವುದಿಲ್ಲವೆಂದು ಸಮಿತಿ ತೀರ್ಮಾನಿಸಿತು.

ಸಿಕ್ಕಿಬಿದ್ದವನು ಅಂತಿಮ ವರ್ಷದ ಸೋಡಾ. ಎಂಥ ಪಾರ್ಟಿಯಲ್ಲೂ ಬರೀ ಸೋಡಾ ಹೀರುತ್ತ ಮೂಲೆ ಹಿಡಿಯುತ್ತಿದ್ದವನಿಗೆ ಗೆಳೆಯರಿಟ್ಟ ಹೆಸರು ಅದು. ಅವನಿಗೆ ಪ್ರೇಯಸಿ ಇರಲಿಲ್ಲ, ಆದ್ದರಿಂದ ಕುಡುಕ.

"ಸಾರ್, ಜನ್ಮದಲ್ಲೇ ಕುಡಿದಿಲ್ಲ. ಬೇಕಾದ್ರೆ ಬಾಯಿ ಮೂಸಿ ನೋಡಿ."

"ಮೂಸೋದು ನಮ್ಮ ಕೆಲಸ ಅಲ್ಲಪ್ಪ," ಎಂದರು ಪ್ರಾಂಶುಪಾಲರು. "ಅದಕ್ಕೇ ಅಲ್ವಾ ಪ್ರೇಮಿಸು ಅಂದಿದ್ದು? ಹೋಗಿ ಒಬ್ಬಳನ್ನ ಕರ್ಕೊಂಡು ಬಾ."

ಪಾಪದ ಹುಡುಗ. ಪರೀಕ್ಷೆ ತಪ್ಪಿದರೆ ಒಂದು ವರ್ಷ ಮಣ್ಣುಪಾಲು. ಪ್ರೇಯಸಿಯೆಂದು ಹೇಳಿಕೊಂಡು ಸಮಿತಿಯ ಮುಂದೆ ಬಾ ಎಂದು ಲ್ಯಾಬಿನಲ್ಲಿ ಪಕ್ಕದ ಮೇಜಿನ ಹುಡುಗಿಯ ಬಳಿ ಗೋಗರೆದ.

"ಆಯ್ತು ಬರ್ತೀನಿ ಕಣೋ," ಎಂದಳು ಅವಳು. "ಆದ್ರೆ ಶನಿವಾರ ಬಂತಂದ್ರೆ ನಾನು ಕುಡೀತೀನಿ. ಎದುರಿಗೆ ಕೂತು ಉಪದೇಶ ಮಾಡೋ ಹಾಗಿಲ್ಲ."

ಶನಿವಾರ ಸಮಿತಿಯ ಮುಂದೆ ಅವಳು ಅವನ ಬಾಯಿ ಮೂಸಿ "ಶುದ್ಧವಾಗಿದೆ" ಎಂದಳು. ಅಷ್ಟು ಹೇಳುವುದರಲ್ಲಿ ಕೋಣೆಯೆಲ್ಲ ರಮ್ಮಿನ ವಾಸನೆ. ಸದಸ್ಯರು ಕಿಟಕಿ ತೆರೆದು ಹಾಲ್ ಟಿಕೆಟ್ ಮಂಜೂರು ಮಾಡಿದರು.

ಪ್ರೇಮ ಆದೇಶದಿಂದ ಹುಟ್ಟಿದರೂ ನಿಜವೇ ಆಯಿತು. ಅವಳ ಶನಿವಾರಗಳಲ್ಲಿ ಸೋಡಾ ಮೊದಮೊದಲು ಸುಮ್ಮನೆ ಕೂತ. ಆಮೇಲೆ ಅವಳಿಗೆ ಬೇಜಾರಾಗದಿರಲೆಂದು ಒಂದು ಗುಟುಕು. ಅವಳ ಗೆಳೆಯರೆದುರು ಮರ್ಯಾದೆ ಉಳಿಯಲೆಂದು ಇನ್ನೊಂದು ಗ್ಲಾಸು. ಪರೀಕ್ಷೆ ಮುಗಿಯುವ ಹೊತ್ತಿಗೆ "ಸಾಕು ಕಣೋ, ನಿನ್ನ ದಮ್ಮಯ್ಯ" ಎಂದು ಅವಳೇ ಗ್ಲಾಸು ಕಿತ್ತುಕೊಳ್ಳತೊಡಗಿದಳು. ಪ್ರೇಯಸಿಯು ಪ್ರಿಯಕರನನ್ನು ತಡೆಯುತ್ತಿರುವುದನ್ನು ಸಮಿತಿಯು ಯೋಜನೆಯ ಅಭೂತಪೂರ್ವ ಯಶಸ್ಸೆಂದು ಘೋಷಿಸಿತು.

ವಾರ್ಷಿಕೋತ್ಸವದಲ್ಲಿ "ಮಾದರಿ ಪ್ರೇಮಿ" ಪ್ರಶಸ್ತಿ ಸ್ವೀಕರಿಸಲು ಸೋಡಾನನ್ನು ಇಬ್ಬರು ಎತ್ತಿಕೊಂಡು ಬಂದರು. ಶಾಲು ಹೊದಿಸುವಾಗ ಅವನು ಪ್ರಾಂಶುಪಾಲರ ಬೂಟಿನ ಮೇಲೆ ವಾಂತಿ ಮಾಡಿದ. ಪ್ರೇಮಿಯು ಕುಡಿದಿರಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಹಾಸ್ಟೆಲ್ ಅಡುಗೆಯವನಿಗೆ ನೋಟಿಸ್ ಕೊಡಲಾಯಿತು. ಅಡುಗೆಯವನು ತಪ್ಪೊಪ್ಪಿಕೊಂಡು, ಇನ್ನು ಮುಂದೆ ತರಕಾರಿಯನ್ನು ಚೆನ್ನಾಗಿ ತೊಳೆಯುವುದಾಗಿ ಬರೆದುಕೊಟ್ಟಿದ್ದಾನೆ.