ಡಾಕ್ಟರ್ ಆಟವಾಡುತ್ತಿದ್ದರು

ಕೆಲವರಿಗೆ ಸೂಜಿ ಎಂದರೆ ಭಯ, ಕೆಲವರಿಗೆ ರಕ್ತ ಎಂದರೆ ಭಯ. ನನಗೆ ಆಸ್ಪತ್ರೆಯ ಫಿನಾಯಿಲ್ ವಾಸನೆಯೇ ಸಾಕು, ಕಾಲು ತಣ್ಣಗಾಗುತ್ತದೆ. ಅಂಥ ನನ್ನ ಪಿತ್ತಕೋಶದಲ್ಲೇ ಕಲ್ಲು ಹುಟ್ಟಿಕೊಂಡವು. ಕಂಪ್ಯೂಟರು ಮನೆಮನೆಗೆ ಬರತೊಡಗಿದ್ದ ಕಾಲ. ಜಯನಗರದ ಒಂದು ಆಸ್ಪತ್ರೆಯಲ್ಲಿ, ಹೊಟ್ಟೆಗೆ ಪುಟ್ಟ ತೂತು ಕೊರೆದು ಕಲ್ಲು ತೆಗೆಯುತ್ತೇವೆಂದರು. ನನ್ನ ಹೆಂಡತಿ ಸರೋಜ ಫ್ಲಾಸ್ಕು, ಹೊದಿಕೆಯ ಸಮೇತ ನನ್ನನ್ನು ತಂದು ಸೇರಿಸಿದಳು.

ಆಪರೇಷನ್ನಿನ ಹಿಂದಿನ ಸಂಜೆ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದೆ. ಅರೆತೆರೆದ ಬಾಗಿಲೊಳಗೆ ನನ್ನ ಸರ್ಜನ್, ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕಂಪ್ಯೂಟರ್ ಮುಂದೆ ಎರಡು ಹಿಡಿಗಳನ್ನು ಹಿಡಿದು ತಿರುವುತ್ತಿದ್ದರು. ಪರದೆಯ ಮೇಲೆ ಯಾರದೋ ಹೊಟ್ಟೆಯ ಒಳಭಾಗ. ನೋಡನೋಡುತ್ತಿದ್ದಂತೆ ಪರದೆಯೆಲ್ಲ ಕೆಂಪಾಯಿತು.

"ಅಯ್ಯೋ, ಇವನೂ ಹೋದ!" ಎಂದರು ಡಾಕ್ಟರ್.

ಪಕ್ಕದಲ್ಲಿದ್ದ ನರ್ಸ್ ನಕ್ಕು, "ಬಿಡಿ ಮೇಡಂ, ಇನ್ನೊಬ್ಬನ್ನ ಹಾಕ್ಕೊಳಿ" ಎಂದರು.

ಆ ಇನ್ನೊಬ್ಬ ನಾನೇ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ವಾರ್ಡಿಗೆ ಓಡಿಬಂದು ಬಟ್ಟೆ ಬ್ಯಾಗಿಗೆ ತುರುಕತೊಡಗಿದೆ. ಅವಸರಕ್ಕೆ ಜಿಪ್ಪು ಸಿಕ್ಕಿಕೊಂಡಿತು.

"ಎಲ್ಲಿಗೆ ಹೊರಟ್ರಿ?" ಎಂದಳು ಸರೋಜ.

"ಮನೆಗೆ. ಕಲ್ಲು ಇದ್ರೆ ಇರ್ಲಿ, ಪ್ರಾಣ ಇದ್ರೆ ಸಾಕು!"

ಕಂಡದ್ದನ್ನೆಲ್ಲ ಹೇಳಿದೆ. ಅವಳು ನಂಬದೆ ನೇರ ಡಾಕ್ಟರನ್ನೇ ಕರೆತಂದಳು. ಅವರು ಮಂಚದ ಅಂಚಿನಲ್ಲಿ ಕುಳಿತು ಹೇಳಿದರು: "ಸಾರ್, ಅದು ಕಂಪ್ಯೂಟರಲ್ಲಿ ಕೈ ಪಳಗಿಸೋ ಆಟ. ತೂತಿನಿಂದ ಹೊಟ್ಟೆಯೊಳಗೆ ಬಿಟ್ಟ ಕೋಲಿನ ತುದಿ ಎಡಕ್ಕೆ ಹೋಗ್ಬೇಕಾದ್ರೆ ನನ್ನ ಕೈ ಬಲಕ್ಕೆ ಹೋಗ್ಬೇಕು. ನಾನು ನೂರಾರು ಆಪರೇಷನ್ ಮಾಡಿದೀನಿ, ಆದ್ರೂ ದಿನಾ ಅಭ್ಯಾಸ ಮಾಡ್ತೀನಿ. ಇವತ್ತು ಬೇಕಂತಲೇ ತುಂಬಾ ಕಷ್ಟದ ಕೇಸ್ ಹಾಕ್ಕೊಂಡಿದ್ದೆ. ತಪ್ಪೆಲ್ಲಾ ಅಲ್ಲೇ ಮುಗೀಲಿ ಅಂತ."

"ನಮ್ಮನೆಯವ್ರು ಅಭ್ಯಾಸ ಇಲ್ದೆ ಸ್ಕೂಟರ್ ಹತ್ತಿ ಯಡಿಯೂರು ಕೆರೆಗೇ ಇಳಿಯೋಕೆ ಹೋಗಿದ್ರು ಮೇಡಂ" ಎಂದು ಸರೋಜ ದನಿಗೂಡಿಸಿದಳು.

ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿ, ಆ ಕೆಂಪು ಪರದೆಯನ್ನೇ ನೆನೆಯುತ್ತ, ತಿಳಿದ ದೇವರ ಹೆಸರುಗಳನ್ನೆಲ್ಲ ಹೇಳಿದೆ. ಹೆಸರು ಮುಗಿಯುವಷ್ಟರಲ್ಲಿ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಕಲ್ಲು ಹೊರಗಿದ್ದವು, ನಾನು ಬದುಕಿದ್ದೆ.

ಮರುದಿನ ಪಕ್ಕದ ಮಂಚಕ್ಕೆ ಹುಳಿಮಾವು ಕಡೆಯ ಒಬ್ಬರು ಬಂದರು. ಅವರಿಗೂ ಅದೇ ಕಲ್ಲು, ಅದೇ ಡಾಕ್ಟರ್. ಬೆವರು ಒರೆಸಿಕೊಳ್ಳುತ್ತ, "ಡಾಕ್ಟ್ರು ಹೇಗೆ ಸಾರ್?" ಎಂದು ಕೇಳಿದರು.

"ಸಖತ್!" ಎಂದೆ ಹುರುಪಿನಿಂದ. "ಆಪರೇಷನ್ನಿನ ಹಿಂದಿನ ಸಂಜೆ ನನ್ನ ಕಣ್ಣೆದುರಿಗೇ ಒಬ್ಬ ಹೋದ. ಆದ್ರೆ ನನ್ನ ನೋಡಿ, ಹೇಗಿದೀನಿ!"

ಅವರು ಚಪ್ಪಲಿ ಹುಡುಕತೊಡಗಿದರು. ಅವರನ್ನು ಬಾಗಿಲಿನಿಂದ ವಾಪಸು ಕರೆತಂದು ಕೂರಿಸಿದ ಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಸಾರ್, ನೀವು ತುಂಬಾ ಚೇತರಿಸ್ಕೊಂಡಿದೀರ. ಈಗ್ಲೇ ಮನೆಗೆ ಹೋಗ್ಬಿಡಿ."