ಉಣ್ಣೆ ಅಂದ್ರೆ ಯಾವ ಉಣ್ಣೆ?

ಬನಶಂಕರಿಯಲ್ಲಿ ನನ್ನದೊಂದು ಸಣ್ಣ ಪಶುವೈದ್ಯ ಕ್ಲಿನಿಕ್ಕು. ಬರುವ ನಾಯಿಗಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಕಾಟ: ರಕ್ತ ಹೀರುವ ಉಣ್ಣೆ ಹುಳು, ಅದು ತರುವ ಜ್ವರ. ಏನಾಗಿದೆ ಅಂತ ನಾಯಿಗಳು ಸರಿಯಾಗೇ ತೋರಿಸುತ್ತವೆ. ಮಾತು ಬರೋ ನಾವೇ ಗೊಂದಲ ಮಾಡಿಕೊಳ್ಳೋದು.

ಚಳಿಗಾಲದ ಜ್ವರ

ಜಯನಗರದ ನಿವೃತ್ತ ಇಂಜಿನಿಯರ್ ಒಬ್ಬರು ಕೆಂಪು ಸ್ವೆಟರ್ ಹಾಕಿದ ನಾಯಿಯನ್ನು ಎತ್ತಿಕೊಂಡು ಬಂದರು. ಊಟ ಬಿಟ್ಟಿದೆ, ಮೈ ಸುಡುತ್ತಿದೆ. ಕಿವಿಯೊಳಗೆ ನೋಡಿ, "ಉಣ್ಣೆಯಿಂದ ಬಂದಿರೋ ಜ್ವರ ಸಾರ್. ಮನೇಲಿ ಒಂದೂ ಬಿಡದ ಹಾಗೆ ತೆಗೆದುಹಾಕಿ" ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದೆ.

ಮಾರನೇ ದಿನ ನೋಡಿದರೆ ಕಿವಿಯಲ್ಲಿ ಹುಳು ಹಾಗೇ ಇವೆ. ನಾಯಿ ಚಳಿಗೆ ನಡುಗುತ್ತಿದೆ.

"ತೆಗೀಲಿಲ್ವಾ ಸಾರ್?"

"ನಿನ್ನೇನೇ ತೆಗೆದೆ ಡಾಕ್ಟ್ರೇ. ಇದರ ಸ್ವೆಟರ್ ಅಷ್ಟೇ ಅಲ್ಲ, ನಮ್ಮನೆಯವಳ ಶಾಲೂ ಅಟ್ಟಕ್ಕೆ ಹಾಕಿದೀನಿ. ಪಾಪ, ಈಗ ಅವಳಿಗೂ ನೆಗಡಿ."

ನೀಲಿ ಬಣ್ಣದ್ದು

ಅಂದಿನಿಂದ ಇಂಗ್ಲಿಷಿನಲ್ಲೇ 'ಟಿಕ್' ಅನ್ನೋಣ ಅಂದುಕೊಂಡೆ. ಬಿಟಿಎಂ ಲೇಔಟಿನ ಹುಡುಗಿಯೊಬ್ಬಳು ನಾಯಿ ಮಂಕಾಗಿದೆ ಅಂತ ವಾಟ್ಸಾಪ್ ಮಾಡಿದಳು. "ಟಿಕ್ ಇದೆಯಾ ನೋಡಿ" ಅಂದೆ. "ಎರಡಿದೆ ಸಾರ್, ನೀಲಿ."

ಕಂದು ನೋಡಿದ್ದೆ, ಬೂದು ನೋಡಿದ್ದೆ. ನೀಲಿ ನೋಡಿರಲಿಲ್ಲ. ಹೊಸ ಜಾತಿ ಏನಾದರೂ ಬಂತಾ ಅಂತ ಪುಸ್ತಕ ತೆಗೆದು ಹುಡುಕಿದೆ. ಸಿಗಲಿಲ್ಲ. ಫೋಟೊ ಕೇಳಿದೆ. ಬಂದದ್ದು ಅವಳ ಮೆಸೇಜಿನದೇ ಫೋಟೊ. ನಾನು ಓದಿದ್ದೀನಿ ಅನ್ನೋದಕ್ಕೆ ಕೆಳಗೆ ಎರಡು ನೀಲಿ ಗುರುತು.

ಸಾಲಾಗಿ ಕೂತವು

"ಹೊಟ್ಟೆ ಮೇಲೆ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಕೂತಿವೆ ಡಾಕ್ಟ್ರೇ. ಎಷ್ಟು ಎಳೆದರೂ ಬರ್ತಿಲ್ಲ" ಅಂದರು ಹೊಸಕೆರೆಹಳ್ಳಿಯ ಬ್ಯಾಂಕ್ ಮ್ಯಾನೇಜರ್.

"ಅದು ಮೊಲೆತೊಟ್ಟು ಸಾರ್."

"ಇದು ಗಂಡು ನಾಯಿ."

"ನಾವೂ ಗಂಡಸರೇ ಅಲ್ವಾ ಸಾರ್."

ಅವರ ಕೈ ತಾನಾಗೇ ಶರ್ಟಿನ ಜೇಬಿನ ಹತ್ತಿರ ಹೋಯಿತು. ಆಮೇಲೆ ನಾಯಿಯ ಕಡೆ ತಿರುಗಿ, "ಸಾರಿ ಮಗಾ" ಅಂದರು.

ಸಾರಕ್ಕಿಯ ಯಜಮಾನರು

ಒಂದಿನ ಸಾರಕ್ಕಿಯ ಹಳೇ ಮನೆತನದ ಯಜಮಾನರೊಬ್ಬರು ಹೆಂಡತಿ ಜೊತೆ ಬಂದು ಕೂತಿದ್ದರು. ಪಕ್ಕದಲ್ಲಿ ಬೆಕ್ಕು ಹಿಡಿದಿದ್ದ ಆಂಟಿ, "ನಿಮ್ಮದೇನು, ನಾಯಿನಾ?" ಅಂತ ಕೇಳಿದರು.

"ಇಲ್ಲಮ್ಮ, ನಾನೇ."

ಶಿವಮೊಗ್ಗ ಕಡೆ ಕಾಡು ಸುತ್ತಿ ಬಂದವರ ಸೊಂಟಕ್ಕೆ ಉಣ್ಣೆ ಕಚ್ಚಿಕೊಂಡಿತ್ತು. ಅದರಿಂದ ಮಂಗನ ಕಾಯಿಲೆ ಬರುತ್ತೆ, ಜೀವಕ್ಕೇ ಅಪಾಯ ಅಂತ ಯಾರೋ ಹೇಳಿದ್ದರು. ಮುಖ ಬಿಳಿಚಿಕೊಂಡಿತ್ತು.

"ಮನುಷ್ಯರ ಡಾಕ್ಟ್ರ ಹತ್ರ ಹೋಗ್ಬೇಕಿತ್ತಲ್ಲ ಯಜಮಾನ್ರೇ."

"ಕಾಯಿಲೆ ಮಂಗಂದು, ಹುಳ ದನದ್ದು. ಅವರಿಗೇನು ಕೆಲಸ ಸಾರ್ ಇದರಲ್ಲಿ?"

ಚಿಮುಟದಿಂದ ಹುಳುವನ್ನು ಚರ್ಮದ ಹತ್ತಿರವೇ ಹಿಡಿದು ನಿಧಾನಕ್ಕೆ ಎಳೆದು ತೆಗೆದೆ. ಕಚ್ಚಿದ್ದೆಲ್ಲ ಕಾಯಿಲೆ ತರೋದಿಲ್ಲ, ಆದರೆ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೂ ಹೇಳಿ ಅಂದೆ.

ತಿಂಗಳಾದ ಮೇಲೆ ಹೆಂಡತಿ ಒಬ್ಬರೇ ಬಂದರು. ಕೈಲಿದ್ದ ಕೆಲಸ ಬಿಟ್ಟು ಎದ್ದು ಹೋದೆ.

"ಏನಮ್ಮಾ, ಯಜಮಾನ್ರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ, ಜ್ವರಗಿರ ಏನೂ ಬರ್ಲಿಲ್ಲ. ಮತ್ತೆ ಕಾಡಿಗೆ ಹೊರಟಿದ್ದಾರೆ" ಅಂದವರು, ಸ್ವಲ್ಪ ಸಂಕೋಚದಿಂದ ಮುಂದುವರಿಸಿದರು. "ಉಣ್ಣೆ ಹತ್ತದ ಹಾಗೆ ನಾಯಿಗಳ ಕತ್ತಿಗೆ ಕಟ್ಟೋ ಬೆಲ್ಟ್ ಕೊಡ್ತೀರಲ್ಲ ಡಾಕ್ಟ್ರೇ, ಅದರಲ್ಲಿ ಇವರ ಸೈಜಿಂದು ಇದೆಯಾ?"