ಏಕಾದಶಿ ಮಾಡದ ಕೋಶಗಳು

ಸೇಡಂ ರಸ್ತೆಯ ನಮ್ಮ ಪ್ರಯೋಗಾಲಯದಲ್ಲಿ ನಡೆಯುವುದು ಗಂಭೀರ ಕೆಲಸವೇ. ಆದರೆ ನಗದೆ ಮನೆಗೆ ಬಂದ ದಿನಗಳು ಕಡಿಮೆ. ಕಾಂಡಕೋಶ ಎಂದರೆ ತಾನು ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಜೀವಕೋಶ. ಅದನ್ನು ವಾರಗಟ್ಟಲೆ ಪುಸಲಾಯಿಸಿ ಇನ್ಸುಲಿನ್ ತಯಾರಿಸುವ ಕೋಶವಾಗಿಸುವುದು ನಮ್ಮ ಸಂಶೋಧನೆ. ಎರಡು ಸಲ ಕೆಟ್ಟಿತ್ತು. ಕಮಲಾಪುರದಲ್ಲಿರುವ ನನ್ನ ಮಾವನವರಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಹಾಗಾಗಿ ಮೂರನೆಯ ಸಲವಾದರೂ ಕೈಗೂಡಲಿ ಎಂಬ ಆಸೆ ನನಗೆ ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು.

ಉಪವಾಸ

ಕೋಶಗಳಿಗೆ ದಿನವೂ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ರಜೆ, ಹಬ್ಬ ಏನೂ ಇಲ್ಲ. ಒಂದು ಭಾನುವಾರ ಹೊರಟವಳನ್ನು ಪಕ್ಕದ ಮನೆಯ ಕಾಕು ತಡೆದರು.

"ರವಿವಾರನೂ ಎಲ್ಲಿ ಹೊಂಟಿ?"

"ಕೋಶಗಳಿಗೆ ಊಟ ಹಾಕ್ಲಿಕ್ಕೆ, ಕಾಕು."

"ಇವತ್ತು ಏಕಾದಶಿ. ಒಂದಿನ ಉಪವಾಸ ಇರ್ಲಿ ಬಿಡು, ಪುಣ್ಯ ಬರ್ತದ."

"ಒಂದಿನ ತಪ್ಪಿದ್ರ ಸತ್ತೇ ಹೋಗ್ತಾವ್ರೀ!"

ಕಾಕು ಒಳಗೆ ಪೇಪರ್ ಓದುತ್ತಿದ್ದ ಗಂಡನ ಕಡೆ ನೋಡಿದರು. "ನಮ್ಮ ಮನಿಯವರೂ ನಲವತ್ತು ವರ್ಷದಿಂದ ಇದೇ ಹೇಳ್ಲಿಕ್ಕತ್ತಾರ. ಇನ್ನೂ ಗಟ್ಟಿಮುಟ್ಟಾಗೇ ಅದಾರ!"

ವಿಭೂತಿ

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಅಟೆಂಡರ್, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದು, ಊದಿನಕಡ್ಡಿ ಹಚ್ಚಲು ಕಡ್ಡಿ ಗೀರುತ್ತಿದ್ದರು. ಧೂಳಿನ ಕಣವೂ ಸುಳಿಯಬಾರದ ಕೋಣೆ ಅದು. ನಮ್ಮ ಮುಖ್ಯಸ್ಥರಾದ ಸರ್ ಓಡಿ ಬಂದರು.

"ಇದೇನು ದೇವರ ಜಗಲಿ ಏನ್ರೀ? ಒರಸ್ರಿ ಮೊದಲ!"

ಅಟೆಂಡರ್ ಮುಖ ಸಣ್ಣದು ಮಾಡಿಕೊಂಡು ಒರೆಸಿದರು. ಮರುವಾರ ಕೋಶಗಳು ಯಾಕೋ ಸ್ವಲ್ಪ ಕಳೆಗುಂದಿದವು. ಸೂಕ್ಷ್ಮದರ್ಶಕದ ಮುಂದೆ ಬಹಳ ಹೊತ್ತು ಕುಳಿತಿದ್ದ ಸರ್ ಎದ್ದು, ಅಟೆಂಡರ್ ಹತ್ತಿರ ಹೋಗಿ ದನಿ ತಗ್ಗಿಸಿದರು.

"ವಿಭೂತಿ ಹೊರಗಿನ ಬಾಗಿಲಿಗೆ ಹಚ್ಚಿದ್ರ ಒಳಗ ಧೂಳು ಬರಂಗಿಲ್ಲ, ಹೌದಲ್ರಿ?"

ಪರೀಕ್ಷೆ

ಕೊನೆಗೆ ಪರೀಕ್ಷೆಯ ದಿನ ಬಂತು. ಕೋಶಗಳಿಗೆ ಸಕ್ಕರೆ ಕೊಟ್ಟು, ಅವು ಇನ್ಸುಲಿನ್ ಬಿಡುತ್ತವೆಯೇ ಎಂದು ಅಳೆಯಬೇಕು. ಅಳೆದೆ. ಬಿಟ್ಟವು! ಕಣ್ಣು ತುಂಬಿ ಬಂತು. ಮೊದಲ ಫೋನು ಮಾವನವರಿಗೆ.

"ಮಾವಾರ, ಈ ಸಲ ಗೆದ್ದಾವ್ರಿ!"

ಸಂಜೆ ಕಮಲಾಪುರಕ್ಕೆ ಹೋದರೆ, ಮಾವ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕೈಯಲ್ಲಿ ಊರಿನ ಕೆಂಪು ಬಾಳೆಹಣ್ಣಿನ ಸಿಪ್ಪೆ, ಮುಖದಲ್ಲಿ ಪರಮ ತೃಪ್ತಿ. ನನಗೆ ಸಿಟ್ಟೇ ಬಂತು.

"ಡಾಕ್ಟರ್ ಬ್ಯಾಡಂದಾರಲ್ರಿ!"

"ನಿನ್ನ ಕೋಶ ಗೆದ್ದಾವಂತ ನೀನೇ ಹೇಳ್ದೆಲ್ಲವ್ವಾ."

"ಅವು ಗೆದ್ದದ್ದು ಲ್ಯಾಬಿನ ತಟ್ಟ್ಯಾಗ್ರಿ. ನಿಮ್ಮ ಹೊಟ್ಟ್ಯಾಗ ಬರಾಕ ಇನ್ನೂ ಎಷ್ಟು ವರ್ಷ ಬೇಕೋ!"

ಮಾವ ಸಾವಕಾಶವಾಗಿ ಸಿಪ್ಪೆ ಮಡಿಚಿಟ್ಟರು.

"ಗೊತ್ತದವ್ವಾ. ಅದಕ್ಕೇ ಒಂದೇ ತಿಂದೀನಿ. ಹೊಟ್ಟ್ಯಾಗ ಇದ್ದಿದ್ರ ಗೊನಿನೇ ಮುಗಿಸ್ತಿದ್ದೆ!"